ಚಿಲ್ಲರೆ ಕಾಸಿನ ಮೇಲೆ ರೋಮ್

ನಿಮ್ಮ ಜೇಬಿನಲ್ಲಿ ಹತ್ತು ರೂಪಾಯಿಯ ನಾಣ್ಯ ಮೂರು ಇದ್ದರೆ ತೆಗೆದು ಒಂದರ ಮೇಲೊಂದು ಇಟ್ಟು ಅಂಗೈಯಲ್ಲಿ ತೂಗಿ ನೋಡಿ. ಹೆಚ್ಚುಕಡಿಮೆ ಅಷ್ಟೇ ಭಾರದ, ಮೂರು ಸೆಂಟಿಮೀಟರಿಗೂ ಮೀರಿದ ಅಗಲದ ಒಂದೇ ಒಂದು ಬಿಲ್ಲೆಯನ್ನು ಊಹಿಸಿಕೊಳ್ಳಿ. ಅದು ರೋಮಿನ ಸೆಸ್ಟರ್ಟಿಯಸ್. ಇಪ್ಪತ್ತೈದು ಗ್ರಾಂ ತೂಕ. ಕೈಯಲ್ಲಿ ಹಿಡಿದರೆ ಹಿಡಿದದ್ದು ಗೊತ್ತಾಗುತ್ತದೆ.

ರೋಮನ್ ನಾಣ್ಯ ಅಂದ ಕೂಡಲೇ ನಮಗೆ ನೆನಪಾಗುವುದು ಚಿನ್ನ. ವಸ್ತುಸಂಗ್ರಹಾಲಯಗಳಲ್ಲಿ ದೀಪ ಬಿಟ್ಟು ಇಟ್ಟಿರುವುದೂ ಅದನ್ನೇ. ನಾನು ಇವತ್ತು ಚಿನ್ನದ ಮಾತಾಡುವುದಿಲ್ಲ. ರೋಮಿನ ಸಾಮಾನ್ಯ ಮನುಷ್ಯ ಚಿನ್ನದ ನಾಣ್ಯವನ್ನು ಜೀವಮಾನದಲ್ಲಿ ಎಷ್ಟು ಸಲ ಮುಟ್ಟಿಯಾನು? ಅವನ ಕೈಯಲ್ಲಿ ದಿನಬೆಳಗಾದರೆ ಓಡಾಡುತ್ತಿದ್ದದ್ದು ಚಿಲ್ಲರೆ. ಪೊಂಪೆಯ ಹೆಂಡದಂಗಡಿಯೊಂದರ ಗೋಡೆಯ ಮೇಲೆ ಬರೆದದ್ದು ಇವತ್ತಿಗೂ ಉಳಿದಿದೆ: ಒಂದು ಆಸ್ ಕೊಟ್ಟರೆ ಇಲ್ಲಿ ಕುಡಿಯಬಹುದು, ಎರಡು ಕೊಟ್ಟರೆ ಇನ್ನೂ ಒಳ್ಳೆಯದು, ನಾಲ್ಕು ಕೊಟ್ಟರೆ ಫಲೆರ್ನಿಯನ್. ಫಲೆರ್ನಿಯನ್ ಎಂದರೆ ಆ ಕಾಲದ ಹೆಸರುವಾಸಿ ದ್ರಾಕ್ಷಾರಸ. ಆಸ್ ಎಂದರೆ ತಾಮ್ರದ ಕಾಸು, ನಾಲ್ಕು ಸೇರಿದರೆ ಒಂದು ಸೆಸ್ಟರ್ಟಿಯಸ್. ಇನ್ನು ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಲು ಕಾಲು ಆಸ್, ಅಂದರೆ ಒಂದು ಕ್ವಾಡ್ರನ್ಸ್ ಸಾಕಿತ್ತು. ರೋಮ್ ತನ್ನ ಜನಕ್ಕೆ ಏನಾದರೂ ಹೇಳಬೇಕಾದಾಗ ಈ ಚಿಲ್ಲರೆಯ ಮೇಲೆಯೇ ಹೆಚ್ಚು ಹೇಳಿದೆ. ಚಿನ್ನದ ಮೇಲೆ ಹೇಳಿದ್ದಕ್ಕಿಂತ ಹೆಚ್ಚು, ಮತ್ತು ಹೆಚ್ಚು ವಿವರವಾಗಿ. ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಲೋಹದ ವಿಷಯ. 'ಕಂಚಿನ ನಾಣ್ಯ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಅದರಲ್ಲಿ ಮೂರು ಲೋಹ ಸೇರಿಕೊಂಡಿವೆ. ಹಳೆಯ ಗಣರಾಜ್ಯದ ಕಾಲದ್ದು ನಿಜಕ್ಕೂ ಕಂಚು. ಅಗಸ್ಟಸ್ ಚಕ್ರವರ್ತಿ ಕ್ರಿ.ಪೂ. 23ರ ಸುಮಾರಿಗೆ ನಾಣ್ಯ ಪದ್ಧತಿಯನ್ನು ಸರಿಪಡಿಸಿದಾಗ ಸೆಸ್ಟರ್ಟಿಯಸ್ಸನ್ನೂ ಅದರ ಅರ್ಧ ಬೆಲೆಯ ಡುಪಾಂಡಿಯಸ್ಸನ್ನೂ ಹಿತ್ತಾಳೆಯಲ್ಲಿ ಮಾಡಿಸಿದ, ಆಸನ್ನು ತಾಮ್ರದಲ್ಲಿ ಮಾಡಿಸಿದ. ಡುಪಾಂಡಿಯಸ್ ಮತ್ತು ಆಸ್ ಹೆಚ್ಚುಕಡಿಮೆ ಒಂದೇ ಗಾತ್ರ. ಹೊಸದಾಗಿದ್ದಾಗ ಒಂದು ಹಳದಿ, ಇನ್ನೊಂದು ಕೆಂಪು. ನಮ್ಮ ಅಡುಗೆಮನೆಯಲ್ಲಿ ಹಿತ್ತಾಳೆ ಚೊಂಬು, ತಾಮ್ರದ ಚೊಂಬು ಪಕ್ಕಪಕ್ಕ ಇಟ್ಟರೆ ಯಾರಿಗೂ ಗೊಂದಲವಾಗುವುದಿಲ್ಲವಲ್ಲ, ಹಾಗೆ. ಆದರೆ ಕೈ ಬದಲಾಗುತ್ತಾ ಹೋದಂತೆ ಎರಡೂ ಕಪ್ಪಾಗುತ್ತವೆ. ನೀರೋನ ಕಾಲದಿಂದ ಡುಪಾಂಡಿಯಸ್ಸಿನ ಮೇಲೆ ಚಕ್ರವರ್ತಿಯ ತಲೆಗೆ ಸೂರ್ಯಕಿರಣದ ಕಿರೀಟ ಇಡುವುದು ಶುರುವಾಯಿತು. ಕಿರಣವಿದ್ದರೆ ಎರಡು ಆಸ್, ಎಲೆಗಳ ಮಾಲೆಯಿದ್ದರೆ ಒಂದು. ಬೆಳಕಿಲ್ಲದ ಅಂಗಡಿಯಲ್ಲೂ ಹೆಬ್ಬೆರಳು ಆಡಿಸಿದರೆ ತಿಳಿಯುತ್ತದೆ. ಈಗ ಮಣ್ಣಿನಿಂದ ಎದ್ದು ಬಂದಿರುವ ನಾಣ್ಯಗಳಲ್ಲಿ ಬಹುಪಾಲು ಕಿಲುಬು ಹಿಡಿದು ಹಸಿರಾಗಿವೆ, ಕಂದಾಗಿವೆ. ಹಾಗಾಗಿ ರೋಮನ್ನರು ಕಂಡ ಬಣ್ಣ ನಮಗೆ ಸಿಗುವುದು ಅಪರೂಪ.

ಆರಂಭ ಇನ್ನೂ ಒರಟು. ಮಧ್ಯ ಇಟಲಿಯಲ್ಲಿ ನಾಣ್ಯ ಬರುವ ಮೊದಲು ಕಂಚಿನ ಗಟ್ಟಿಗಳನ್ನು ತೂಗಿ ಕೊಡುತ್ತಿದ್ದರು. ಆಮೇಲೆ ಇಟ್ಟಿಗೆಯಂಥ ಎರಕದ ಗಟ್ಟಿಗಳು ಬಂದವು, ಅವುಗಳ ಮೇಲೆ ಚಿತ್ರ ಬಂತು. ಒಂದರ ಮೇಲೆ ಎತ್ತು ಇದೆ. ಲ್ಯಾಟಿನ್ನಿನಲ್ಲಿ ಹಣಕ್ಕೆ 'ಪೆಕೂನಿಯ' ಎನ್ನುವುದು, ದನಕ್ಕೆ ಹೇಳುವ 'ಪೆಕುಸ್' ಶಬ್ದದಿಂದಲೇ ಬಂದದ್ದು. ಇನ್ನೊಂದು ಗಟ್ಟಿಯ ಮೇಲೆ ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಹೆಣ್ಣು ಹಂದಿ. ಕ್ರಿ.ಪೂ. 280ರಲ್ಲಿ ಪಿರ್ರಸ್ ದೊರೆ ಇಟಲಿಗೆ ಯುದ್ಧದ ಆನೆಗಳನ್ನು ತಂದಿದ್ದ. ಹಂದಿಗಳ ಕಿರುಚಾಟಕ್ಕೆ ಆ ಆನೆಗಳು ಬೆದರಿದವೆಂದು ಹಳೆಯ ಬರಹಗಾರರು ಹೇಳುತ್ತಾರೆ. ಗಟ್ಟಿಯ ಮೇಲಿನ ಜೋಡಿಗೆ ಈ ಕಥೆಯೇ ಕಾರಣವೆಂದು ಹಲವರು ನಂಬುತ್ತಾರೆ.

ಅದಾದ ಮೇಲೆ ದುಂಡನೆಯ ಆಸ್. ಮೊದಮೊದಲು ಒಂದು ರೋಮನ್ ಪೌಂಡ್ ತೂಕ, ಮುನ್ನೂರು ಗ್ರಾಮಿಗೂ ಹೆಚ್ಚು. ಒಂದೇ ನಾಣ್ಯ! ಹಿಂದಿನ ಕಾಲದ ಶ್ರೀಮಂತರು ಕಂದಾಯ ಕಟ್ಟಲು ಕಂಚನ್ನು ಗಾಡಿಗಳಲ್ಲಿ ಹೇರಿಕೊಂಡು ಖಜಾನೆಗೆ ಹೋಗುತ್ತಿದ್ದರೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಆಸನ್ನು ಹನ್ನೆರಡು ಭಾಗ ಮಾಡಿ ಒಂದು ಭಾಗಕ್ಕೆ 'ಉಂಕಿಯ' ಅಂದರು. ನಾವು ಇವತ್ತಿಗೂ ಬಳಸುವ ಔನ್ಸ್, ಇಂಚು ಎರಡೂ ಆ ಒಂದು ಶಬ್ದದ ಮಕ್ಕಳು. ಚಿಕ್ಕ ನಾಣ್ಯಗಳ ಮೇಲೆ ಬೆಲೆಯನ್ನು ಚುಕ್ಕೆಗಳಲ್ಲಿ ಹಾಕುತ್ತಿದ್ದರು: ಒಂದು ಉಂಕಿಯಕ್ಕೆ ಒಂದು ಚುಕ್ಕೆ, ಮೂರಕ್ಕೆ ಮೂರು. ಓದು ಬಾರದವನಿಗೂ ಲೆಕ್ಕ ತಪ್ಪುವುದಿಲ್ಲ.

ಕ್ರಿ.ಪೂ. 3ನೇ ಶತಮಾನದ ಕೊನೆಯ ಭಾಗಕ್ಕೆ ಆಸಿನ ಚಿತ್ರ ನೆಲೆನಿಂತಿತು: ಒಂದು ಬದಿಗೆ ಎರಡು ಮುಖದ ದೇವರು ಜಾನಸ್, ಇನ್ನೊಂದು ಬದಿಗೆ ಹಡಗಿನ ಮೂತಿ. ನಮ್ಮ ಮಕ್ಕಳು 'ಹೆಡ್ಡಾ ಟೇಲಾ' ಅನ್ನುವಂತೆ ರೋಮಿನ ಮಕ್ಕಳು ನಾಣ್ಯ ಚಿಮ್ಮಿ 'ತಲೆಗಳೋ ಹಡಗುಗಳೋ' ಎಂದು ಕೇಳುತ್ತಿದ್ದರು. ಹಡಗಿನ ಚಿತ್ರದ ನಾಣ್ಯ ನಿಂತು ನೂರಾರು ವರ್ಷವಾದ ಮೇಲೂ ಆಟದಲ್ಲಿ ಆ ಮಾತು ಉಳಿದಿತ್ತು. ಕವಿ ಓವಿಡ್ ತನ್ನ ಪಂಚಾಂಗ ಕಾವ್ಯದಲ್ಲಿ ಜಾನಸ್ ದೇವರನ್ನೇ ಎದುರಿಗೆ ನಿಲ್ಲಿಸಿಕೊಂಡು, ಕಾಸಿನ ಮೇಲೆ ಒಂದು ಕಡೆ ಹಡಗು, ಇನ್ನೊಂದು ಕಡೆ ಎರಡು ತಲೆ ಏಕೆ ಎಂದು ಕೇಳುತ್ತಾನೆ. ಎರಡು ತಲೆಯಲ್ಲಿ ನೀನು ನನ್ನನ್ನು ಗುರುತಿಸಬಹುದಿತ್ತು, ಆದರೆ ಕಾಲ ಆ ಕೆಲಸವನ್ನು ಸವೆಸಿಬಿಟ್ಟಿದೆ ಎಂಬ ಅರ್ಥದಲ್ಲಿ ದೇವರು ಉತ್ತರ ಕೊಡುತ್ತಾನೆ. ಎರಡು ಸಾವಿರ ವರ್ಷದ ಹಿಂದೆಯೇ ಅದು ಸವೆದ ಹಳೆಯ ಕಾಸಾಗಿತ್ತು. ಈ ಸಾಲು ಓದಿದಾಗಲೆಲ್ಲ ನನಗೆ ಓವಿಡ್ ನಾಣ್ಯವನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡುತ್ತಿರುವುದು ಕಣ್ಣಿಗೆ ಕಟ್ಟುತ್ತದೆ.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 'ಸೆಸ್ಟರ್ಟಿಯಸ್' ಅಂದರೆ ಎರಡೂವರೆ. ಹುಟ್ಟಿದಾಗ ಅದರ ಬೆಲೆ ಎರಡೂವರೆ ಆಸ್, ಆಗ ಅದು ಪುಟ್ಟ ಬೆಳ್ಳಿಯ ನಾಣ್ಯ. ಮುಂದೆ ನಾಲ್ಕು ಆಸ್ ಬೆಲೆಯ ದೊಡ್ಡ ಹಿತ್ತಾಳೆ ಬಿಲ್ಲೆಯಾಯಿತು, ಹೆಸರು ಮಾತ್ರ ಎರಡೂವರೆಯಲ್ಲೇ ನಿಂತಿತು. ನಮಗೆ ಇದು ಅರ್ಥವಾಗದ್ದೇನಲ್ಲ. ಆಣೆಗಳು ಹೋಗಿ ನಯಾಪೈಸೆ ಬಂದ ಮೇಲೂ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ, ಐವತ್ತು ಪೈಸೆಯನ್ನು ಎಂಟಾಣೆ ಎಂದೇ ಕರೆದವರು ನಾವು.

ಈಗ ಚಿತ್ರಗಳಿಗೆ ಬರೋಣ. ಅಗಲವಾದ ಬಿಲ್ಲೆ ಸಿಕ್ಕಿದ್ದರಿಂದ ಅಚ್ಚು ಕೊರೆಯುವವನಿಗೆ ಜಾಗ ಸಿಕ್ಕಿತು. ನೀರೋ ಕಾಲದ, ಕ್ರಿ.ಶ. 64ರ ಸುಮಾರಿನ ಒಂದು ಸೆಸ್ಟರ್ಟಿಯಸ್ಸನ್ನು ನಿಧಾನವಾಗಿ ನೋಡೋಣ. ಹಿಂಬದಿಯಲ್ಲಿ ರೋಮಿಗೆ ಹತ್ತಿರದ ಆಸ್ಟಿಯದ ಬಂದರು, ಆಕಾಶದಿಂದ ಹಕ್ಕಿ ನೋಡಿದ ಹಾಗೆ. ಎಡಕ್ಕೂ ಬಲಕ್ಕೂ ಬಂದರಿನ ಕಟ್ಟೆಗಳು ಎರಡು ತೋಳಿನಂತೆ ಬಾಗಿ ನೀರನ್ನು ತಬ್ಬಿಕೊಂಡಿವೆ. ಮೇಲೆ, ಸಮುದ್ರದ ಬಾಯಲ್ಲಿ, ಕಂಬದ ಮೇಲೊಂದು ಪ್ರತಿಮೆ. ನಡುವೆ ಹಡಗುಗಳು: ಒಂದು ಹಾಯಿ ಬಿಚ್ಚಿದೆ, ಒಂದಕ್ಕೆ ಹುಟ್ಟುಗಳಿವೆ, ಒಂದು ಚಿಕ್ಕ ದೋಣಿ. ಕೆಳಗೆ ಗಡ್ಡದ ದೇವರೊಬ್ಬ ಒರಗಿ ಕೂತಿದ್ದಾನೆ, ಕೈಯಲ್ಲಿ ಚುಕ್ಕಾಣಿ, ಪಕ್ಕದಲ್ಲಿ ಡಾಲ್ಫಿನ್. ಇಷ್ಟೆಲ್ಲ ಮೂರೂವರೆ ಸೆಂಟಿಮೀಟರಿನೊಳಗೆ. ಹಡಗಿನ ಹಗ್ಗಗಳನ್ನೂ ಕೊರೆದಿದ್ದಾರೆ.

ಸೊಗಸಾದ ಚಿತ್ರ ಎಂದು ಮೆಚ್ಚಿ ಮುಂದೆ ಹೋಗಬಹುದಿತ್ತು. ಆದರೆ ಎರಡು ವರ್ಷ ಹಿಂದಕ್ಕೆ ಹೋಗಿ. ಕ್ರಿ.ಶ. 62ರಲ್ಲಿ ಬಿರುಗಾಳಿ ಬೀಸಿ ಆ ಬಂದರಿನ ಒಳಗೇ ಸುಮಾರು ಇನ್ನೂರು ಹಡಗುಗಳು ನಾಶವಾದವೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಟೈಬರ್ ನದಿಯಲ್ಲಿ ಮೇಲಕ್ಕೆ ಬಂದಿದ್ದ ಇನ್ನೂ ನೂರು ಹಡಗುಗಳು ಬೆಂಕಿಗೆ ಹೋದವು. ರೋಮ್ ನಗರ ಉಣ್ಣುತ್ತಿದ್ದದ್ದು ಹಡಗಿನಲ್ಲಿ ಬರುವ ಕಾಳನ್ನು. ಹಡಗು ಮುಳುಗಿದರೆ ಊರಿಗೆ ಉಪವಾಸ. ಅಂಥ ಹೆದರಿಕೆ ಕಂಡ ಊರಿನ ಕೈಗೆ ಎರಡು ವರ್ಷದಲ್ಲಿ ಈ ನಾಣ್ಯ ಬರುತ್ತದೆ: ಬಂದರು ಭದ್ರವಾಗಿದೆ, ಹಡಗುಗಳು ತುಂಬಿವೆ, ದೇವರು ನೆಮ್ಮದಿಯಾಗಿ ಒರಗಿದ್ದಾನೆ. ರೊಟ್ಟಿ ಕೊಳ್ಳುವಾಗ ಈ ಚಿತ್ರ ಕೈಯಿಂದ ಕೈಗೆ ಹೋಗುತ್ತಿತ್ತು ಎಂಬುದನ್ನು ನೆನೆದರೆ ಆ ಬಂದರಿನ ಅರ್ಥವೇ ಬೇರೆಯಾಗುತ್ತದೆ.

ಕಟ್ಟಡಗಳನ್ನು ತೋರಿಸುವ ನಾಣ್ಯಗಳು ಬೇಕಾದಷ್ಟಿವೆ. ಕ್ರಿ.ಶ. 80ರಲ್ಲಿ ಕೊಲೋಸಿಯಮ್ ಬಾಗಿಲು ತೆರೆದಾಗ ಟೈಟಸ್ ಹೊರಡಿಸಿದ ಸೆಸ್ಟರ್ಟಿಯಸ್ಸಿನಲ್ಲಿ ಹೊರಗೋಡೆಯ ಕಮಾನುಗಳೂ ಕಾಣುತ್ತವೆ, ಒಳಗೆ ಕೂತ ಜನರ ತಲೆಗಳೂ ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಟ್ರೇಜನ್ ತನ್ನ ಸ್ತಂಭವನ್ನೂ ರಥದೋಟದ ಮೈದಾನವನ್ನೂ ಹಾಕಿಸಿದ. ಅವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಏಕೆಂದರೆ ನನ್ನ ಮನಸ್ಸು ಹೆಚ್ಚು ಎಳೆಯುವುದು ತೆರಿಗೆ, ಸಾಲಗಳ ನಾಣ್ಯಗಳ ಕಡೆಗೆ.

ಕಲಿಗುಲನ ಕ್ವಾಡ್ರನ್ಸ್ ತೆಗೆದುಕೊಳ್ಳಿ. ನಮ್ಮ ಚಿಕ್ಕ ಬೆರಳಿನ ಉಗುರಿಗಿಂತ ಒಂದಿಷ್ಟು ದೊಡ್ಡದು, ಅಷ್ಟೆ. ಒಂದು ಬದಿಗೆ ತಲೆಯಿಲ್ಲ, ಬರೀ ಒಂದು ಟೋಪಿ: ಗುಲಾಮನಿಗೆ ಬಿಡುಗಡೆಯಾದಾಗ ಹಾಕಿಕೊಳ್ಳುತ್ತಿದ್ದ ಟೋಪಿ. ಇನ್ನೊಂದು ಬದಿಗೆ ಆರ್ ಸಿ ಸಿ ಎಂಬ ಮೂರು ಅಕ್ಷರ. ಬಿಡಿಸಿದರೆ 'ಇನ್ನೂರರಲ್ಲಿ ಒಂದು ಭಾಗ ಮನ್ನಾ'. ಹರಾಜಿನ ಮಾರಾಟದ ಮೇಲೆ ನೂರಕ್ಕೆ ಅರ್ಧದಂತೆ ಇದ್ದ ತೆರಿಗೆಯನ್ನು ಕಲಿಗುಲ ತೆಗೆದುಹಾಕಿದ, ಸುದ್ದಿಯನ್ನು ಎಲ್ಲಕ್ಕಿಂತ ಚಿಕ್ಕ ಕಾಸಿನ ಮೇಲೆ ಒತ್ತಿಸಿದ. ಸ್ನಾನಕ್ಕೆ ಹೋಗುವವನ ಮುಷ್ಟಿಯಲ್ಲಿ ತೆರಿಗೆ ಮನ್ನಾದ ಸುದ್ದಿ. ಹುಚ್ಚನೆಂದು ಇತಿಹಾಸ ನೆನಪಿಟ್ಟುಕೊಂಡಿರುವ ದೊರೆಯ ಆಡಳಿತದಲ್ಲಿ ಇಷ್ಟು ನಿಖರವಾಗಿ ಯೋಚಿಸಿದ ತಲೆಯೊಂದು ಟಂಕಸಾಲೆಯಲ್ಲಿತ್ತು.

ಹೇಡ್ರಿಯನ್ನನದು ಇನ್ನೂ ದೊಡ್ಡದು. ಕ್ರಿ.ಶ. 118ರಲ್ಲಿ ಅವನು ಖಜಾನೆಗೆ ಬರಬೇಕಾಗಿದ್ದ ಹಳೆಯ ಬಾಕಿಯನ್ನೆಲ್ಲ ಮನ್ನಾ ಮಾಡಿದ, ಲೆಕ್ಕಪತ್ರಗಳನ್ನು ಟ್ರೇಜನ್ನನ ಚೌಕದಲ್ಲಿ ಸುಡಿಸಿದ. ಮನ್ನಾ ಆದ ಮೊತ್ತ 90 ಕೋಟಿ ಸೆಸ್ಟರ್ಟಿಯಸ್. ಆ ಮೊತ್ತವೇ ನಾಣ್ಯದ ಸುತ್ತ ಬರೆದಿದೆ. ಚಿತ್ರದಲ್ಲಿ ಅಧಿಕಾರಿಯೊಬ್ಬ ಪಂಜು ಹಿಡಿದು ಕಾಗದದ ರಾಶಿಗೆ ಬೆಂಕಿ ಇಡುತ್ತಿದ್ದಾನೆ. ಕೆಲವು ಅಚ್ಚುಗಳಲ್ಲಿ ಪಕ್ಕದಲ್ಲಿ ಜನ ನಿಂತು ಕೈ ಎತ್ತಿದ್ದಾರೆ. ಸಾಲಮನ್ನಾ ಅಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಸಾಲದ ಪತ್ರ ಕಣ್ಣೆದುರಿಗೇ ಸುಟ್ಟು ಬೂದಿಯಾಗುವುದು ಎಂಥ ದೃಶ್ಯವಾಗಿರಬಹುದು! ಅಲ್ಲಿ ನಿಂತು ನೋಡಲಾಗದ ದೂರದೂರಿನವನಿಗೆ ಅದನ್ನು ಮುಟ್ಟಿಸಿದ್ದು ಈ ಹಿತ್ತಾಳೆ.

ಎಲ್ಲ ಸುದ್ದಿಯೂ ಒಳ್ಳೆಯದಲ್ಲ. ಕ್ರಿ.ಶ. 70ರಲ್ಲಿ ಯಹೂದಿಗಳ ದಂಗೆಯನ್ನು ತುಳಿಯಲು ಬಂದ ರೋಮನ್ ಸೈನ್ಯದ ಕೈಯಲ್ಲಿ ಜೆರುಸಲೇಮಿನ ದೇಗುಲ ಸುಟ್ಟುಹೋಯಿತು. ಮರುವರ್ಷ ವೆಸ್ಪೇಸಿಯನ್ ಹೊರಡಿಸಿದ ನಾಣ್ಯದಲ್ಲಿ ಖರ್ಜೂರದ ಮರವೊಂದಿದೆ. ಅದರ ಬುಡದಲ್ಲಿ ಹೆಂಗಸೊಬ್ಬಳು ಕೈಮೇಲೆ ತಲೆಯಿಟ್ಟು ಕುಸಿದು ಕೂತಿದ್ದಾಳೆ. ಹಿಂದೆ ಸೈನಿಕ ವೇಷದ ಚಕ್ರವರ್ತಿ ನೆಟ್ಟಗೆ ನಿಂತಿದ್ದಾನೆ. ಬರಹ: ಜುಡೇಯ, ಅಂದರೆ ಯಹೂದಿಗಳ ನಾಡು, ವಶವಾಯಿತು. ಕಲೆಯಾಗಿ ನೋಡಿದರೆ ಬಹಳ ಚೆನ್ನಾಗಿ ಕೂಡಿಸಿದ ಚಿತ್ರ. ನನಗೆ ಅದನ್ನು ಚೆನ್ನಾಗಿದೆ ಎಂದು ಹೇಳಿ ಸುಮ್ಮನಾಗಲು ಆಗುವುದಿಲ್ಲ. ಒಂದು ಜನಾಂಗದ ಅಳುವನ್ನು ಚಿಲ್ಲರೆಯ ಮೇಲೆ ಒತ್ತಿ, ಆ ಜನವೂ ಓಡಾಡುವ ಸಂತೆಬೀದಿಗೆ ಬಿಟ್ಟಿದ್ದಾರೆ.

ನಾಣ್ಯಗಳ ಮೇಲೆ ಬರುವ ಹೆಣ್ಣುಮೂರ್ತಿಗಳಲ್ಲಿ ಬಹಳಷ್ಟು ಗುಣಗಳಿಗೆ ಕೊಟ್ಟ ರೂಪಗಳು. ಬರಹ ಅಳಿಸಿಹೋಗಿದ್ದರೆ ಗುರುತಿಸುವುದು ಹೇಗೆ ಎಂದು ಕೇಳುತ್ತಾರೆ. ಬೇಲೂರಿನ ಗೋಡೆಯ ಮುಂದೆ ನಿಂತಾಗ ನೀವು ಏನು ಮಾಡುತ್ತೀರೋ ಅದನ್ನೇ ಮಾಡಿ, ಕೈಯಲ್ಲಿ ಏನಿದೆ ನೋಡಿ. ಶಂಖಚಕ್ರವಿದ್ದರೆ ವಿಷ್ಣು ಅನ್ನುತ್ತೀರಿ. ಇಲ್ಲಿ ತಕ್ಕಡಿ ಹಿಡಿದವಳು ನ್ಯಾಯದ ತೂಕದವಳು. ಚುಕ್ಕಾಣಿ ಹಿಡಿದವಳು ಅದೃಷ್ಟ, ಆಲಿವ್ ಕೊಂಬೆ ಹಿಡಿದವಳು ಶಾಂತಿ, ಹಾವಿಗೆ ಉಣಿಸುತ್ತಿರುವವಳು ಆರೋಗ್ಯ. ಕಾಳಿನ ತೆನೆಯೂ ಅಳತೆಯ ಕೊಳಗವೂ ಇದ್ದರೆ ಅನ್ನೋನ, ಊರಿಗೆ ಧಾನ್ಯ ತರುವವಳು. ಒಂದು ಕೈಯಲ್ಲಿ ಹೂ ಎತ್ತಿ ಇನ್ನೊಂದು ಕೈಯಲ್ಲಿ ಸೀರೆಯಂಥ ಉಡುಪಿನ ನಿರಿಗೆ ಹಿಡಿದು ನಡೆಯುವವಳು ಭರವಸೆ.

ಸರಿ, ಜನ ಇದನ್ನೆಲ್ಲ ನಿಜವಾಗಿ ನೋಡುತ್ತಿದ್ದರೇ? ವಿದ್ವಾಂಸರು ಇದರ ಮೇಲೆ ಬಹಳ ವಾದ ಮಾಡಿದ್ದಾರೆ. ಚಿತ್ರ ಆರಿಸಿದ್ದು ಚಕ್ರವರ್ತಿಯೋ ಟಂಕಸಾಲೆಯ ಅಧಿಕಾರಿಯೋ, ಹಿತ್ತಾಳೆ ತಾಮ್ರಗಳ ಮೇಲೆ ಕಾಣುವ ಎಸ್ ಸಿ, ಅಂದರೆ 'ಸೆನೆಟ್ಟಿನ ನಿರ್ಣಯದಂತೆ' ಎಂಬ ಅಕ್ಷರಗಳಿಗೆ ನಿಜವಾದ ಅಧಿಕಾರ ಎಷ್ಟಿತ್ತು, ಇವೆಲ್ಲ ಇನ್ನೂ ಚರ್ಚೆಯಲ್ಲಿವೆ. ನಮ್ಮ ನೂರು ರೂಪಾಯಿ ನೋಟಿನ ಹಿಂದೆ ಏನಿದೆ ಎಂದು ಥಟ್ಟನೆ ಹೇಳಿ ಎಂದರೆ ನಮ್ಮಲ್ಲೂ ಅನೇಕರು ತಡವರಿಸುತ್ತೇವೆ, ನಿಜ. ಆದರೂ ನೋಡುತ್ತಿದ್ದರು ಎಂದೇ ನಾನು ನಂಬುತ್ತೇನೆ. ಸಾಕ್ಷಿಗೆ ಎಪಿಕ್ಟೆಟಸ್ ಇದ್ದಾನೆ. ಗುಲಾಮನಾಗಿದ್ದು ಮುಂದೆ ತತ್ತ್ವಜ್ಞಾನಿಯಾದವನು. ಮನುಷ್ಯನ ಮೇಲಿನ ಮುದ್ರೆ ಯಾವುದು ಎಂದು ಶಿಷ್ಯರಿಗೆ ತಿಳಿಸುವಾಗ ಅವನು ಎತ್ತಿಕೊಳ್ಳುವ ಉದಾಹರಣೆ ಸೆಸ್ಟರ್ಟಿಯಸ್: ಇದರ ಮೇಲೆ ಯಾರ ಮುದ್ರೆಯಿದೆ? ಟ್ರೇಜನ್ನನದೇ? ಕೊಡು. ನೀರೋನದೇ? ಆಚೆ ಎಸೆ, ಅದು ನಡೆಯದು, ಕೊಳೆತದ್ದು. ಕಾಸಿನ ಮುಖ ನೋಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿದ್ದರಿಂದಲೇ ಈ ಮಾತು ಅವನಿಗೆ ಪಾಠಕ್ಕೆ ಒದಗಿತು.

ನಾಣ್ಯಗಳ ಮೈಮೇಲೂ ಸಾಕ್ಷಿಯಿದೆ. ಕ್ರಿ.ಶ. 68ರಲ್ಲಿ ನೀರೋ ಬಿದ್ದ ಹೊತ್ತಿಗೆ ಅವನ ಸೆಸ್ಟರ್ಟಿಯಸ್ಸುಗಳ ಮೇಲೆ, ಕತ್ತಿನ ಹತ್ತಿರ, 'ರೋಮಿನ ಸೆನೆಟ್ ಮತ್ತು ಜನತೆ' ಎಂಬುದರ ನಾಲ್ಕು ಅಕ್ಷರಗಳನ್ನು ಗುದ್ದಿದರು. ಕ್ರಿ.ಶ. 211ರಲ್ಲಿ ಕಾರಕಲ್ಲ ತನ್ನ ತಮ್ಮ ಗೇಟನನ್ನು ಕೊಲ್ಲಿಸಿ ಅವನ ನೆನಪನ್ನೇ ಅಳಿಸಲು ಅಪ್ಪಣೆ ಮಾಡಿದ. ಏಷ್ಯಾ ಮೈನರಿನ ಪಟ್ಟಣಗಳ ಕಂಚಿನ ನಾಣ್ಯಗಳಲ್ಲಿ ಅಣ್ಣತಮ್ಮ ಎದುರುಬದುರಾಗಿದ್ದಾರೆ, ತಮ್ಮನ ಮುಖವಿದ್ದ ಕಡೆ ಉಜ್ಜಿ ನುಣ್ಣಗೆ ಮಾಡಿದ ಬರಿ ಜಾಗ. ಒಂದೊಂದು ಕಾಸನ್ನೂ ಯಾರೋ ಕೂತು ಉಜ್ಜಿದ್ದಾರೆ.

ನೀಮ್ಸ್ ಪಟ್ಟಣದ ಆಸ್ ನನಗೆ ತುಂಬ ಇಷ್ಟ. ಒಂದು ಬದಿಗೆ ಅಗಸ್ಟಸ್ ಮತ್ತು ಅವನ ಸೇನಾನಿ ಅಗ್ರಿಪ್ಪ ಬೆನ್ನಿಗೆ ಬೆನ್ನು ಕೊಟ್ಟಿದ್ದಾರೆ. ಇನ್ನೊಂದು ಬದಿಗೆ ಖರ್ಜೂರದ ಮರಕ್ಕೆ ಸರಪಳಿಯಲ್ಲಿ ಕಟ್ಟಿದ ಮೊಸಳೆ, ಅಂದರೆ ಸೋತ ಈಜಿಪ್ಟ್. ಆ ಮೊಸಳೆ ಇವತ್ತಿಗೂ ಫ್ರಾನ್ಸಿನ ಆ ಊರಿನ ಲಾಂಛನ. ಚಿಲ್ಲರೆ ಸಾಲದೆ ಬಂದಾಗ ಸೈನಿಕರು ಈ ನಾಣ್ಯವನ್ನು ಎರಡು ತಲೆಗಳ ನಡುವೆ ಸರಿಯಾಗಿ ಕತ್ತರಿಸಿ ಅರ್ಧರ್ಧ ಮಾಡಿಕೊಳ್ಳುತ್ತಿದ್ದರು. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ಸೇನಾಪತಿ ವಾರುಸನ ಮೂರು ಪಡೆಗಳು ನಾಶವಾದವಲ್ಲ, ಆ ಯುದ್ಧ ನಡೆದ ಜಾಗ ಕಾಲ್‌ಕ್ರೀಸ ಎಂದು ಹೇಳಲು ದೊಡ್ಡ ಆಧಾರ ಅಲ್ಲಿ ಸಿಕ್ಕ ನಾಣ್ಯಗಳು. ತಾಮ್ರದ ಆಸುಗಳ ಮೇಲೆ ವಾರುಸನ ಹೆಸರಿನ ಮೊದಲ ಮೂರು ಅಕ್ಷರಗಳ ಮುದ್ರೆಯಿದೆ. ಸೇನಾಪತಿ ಕೊಟ್ಟ ಕಾಸು ಖರ್ಚಾಗುವ ಮೊದಲೇ ಆ ಹುಡುಗರು ಅಲ್ಲಿ ಬಿದ್ದುಹೋಗಿದ್ದರು.

ಬ್ರಿಟನ್ನಿನಲ್ಲಿ ಹೇಡ್ರಿಯನ್ ಕಟ್ಟಿಸಿದ ಗಡಿಗೋಡೆಯ ಹತ್ತಿರ ಕೊವೆಂಟಿನ ಎಂಬ ದೇವತೆಯ ಬುಗ್ಗೆಯಿದೆ. 1876ರಲ್ಲಿ ಅದನ್ನು ಬಗೆದಾಗ 13 ಸಾವಿರಕ್ಕೂ ಹೆಚ್ಚು ನಾಣ್ಯ ಸಿಕ್ಕವು, ಬಹುತೇಕ ಇಂಥ ಚಿಲ್ಲರೆಯೇ. ಅದರಲ್ಲಿ ಆಂಟೊನೈನಸ್ ಪಯಸ್ಸನ ಕಾಲದ, ಬ್ರಿಟನ್ನಿಗೆ ಕೊಟ್ಟ ಹೆಣ್ಣುರೂಪ ಬ್ರಿಟಾನಿಯ, ಬಂಡೆಯ ಮೇಲೆ ತಲೆ ತಗ್ಗಿಸಿ ಕೂತಿರುವ ಆಸುಗಳು ಮುನ್ನೂರಕ್ಕೂ ಹೆಚ್ಚು. ಬಸ್ಸು ಶ್ರೀರಂಗಪಟ್ಟಣದ ಸೇತುವೆಗೆ ಬಂದಾಗ ಕಿಟಕಿಯಿಂದ ಕಾವೇರಿಗೆ ನಾಣ್ಯ ಎಸೆದು ಕೈಮುಗಿಯುವವರನ್ನು ನೀವೂ ನೋಡಿದ್ದೀರಿ. ಆ ಗೋಡೆಯ ಕಾವಲಿನವನೂ ಅದೇ ಕೈ ಆಡಿಸಿದ್ದಾನೆ.

ನಮ್ಮ ನೆಲಕ್ಕೆ ಇವು ಬಂದವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಟಿಯಸ್ಸಿಗೆ ಕಡಿಮೆಯಿಲ್ಲದಂತೆ ರೋಮಿನ ಹಣ ನುಂಗುತ್ತಿದೆ ಎಂದು ರೋಮಿನ ಬರಹಗಾರ ಪ್ಲಿನಿ ಗೋಳಾಡಿದ್ದಾನೆ. ಅದು ಲೆಕ್ಕದ ಸೆಸ್ಟರ್ಟಿಯಸ್, ಹಡಗಿನಲ್ಲಿ ಬಂದದ್ದು ಬೆಳ್ಳಿ, ಚಿನ್ನ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿದ್ದು ಬೆಳ್ಳಿಯ ಡೆನೇರಿಯಸ್, ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕಿದ್ದು ಬಹಳ ಈಚಿನ ಚಿನ್ನ. ಹಿತ್ತಾಳೆ ಕಾಸಿನ ಬೆಲೆ ಅದರ ಮೇಲಿನ ಮುದ್ರೆಯಲ್ಲಿತ್ತು. ಮುದ್ರೆ ನಡೆಯದ ಊರಿನಲ್ಲಿ ಅದು ಬರೀ ಹಿತ್ತಾಳೆ. ಮೆಣಸಿನ ವ್ಯಾಪಾರಿಗೆ ಅದರಿಂದ ಏನಾಗಬೇಕು?

ಆದರೆ ಕಥೆ ತಿರುಗುತ್ತದೆ. ಮೂರನೇ ಶತಮಾನದ ಬೆಲೆಯೇರಿಕೆಯಲ್ಲಿ ಸೆಸ್ಟರ್ಟಿಯಸ್ ಕರಗಿಹೋಯಿತು. ಗಾಲ್‌ನಲ್ಲಿ, ಅಂದರೆ ಇಂದಿನ ಫ್ರಾನ್ಸಿನ ಕಡೆ, ಬಂಡೆದ್ದು ತಾನೇ ಚಕ್ರವರ್ತಿಯೆಂದ ಪೋಸ್ಟುಮಸ್ ಹಳೆಯ ಸವೆದ ಸೆಸ್ಟರ್ಟಿಯಸ್ಸುಗಳ ಮೇಲೆಯೇ ತನ್ನ ಅಚ್ಚು ಬಡಿಸಿ ದುಪ್ಪಟ್ಟು ಬೆಲೆ ಹೇಳಿದ. ಕಾನ್‌ಸ್ಟಂಟೈನನ ಹೊತ್ತಿಗೆ ಕಂಚಿನ ಕಾಸು ಕಿರಿದಾಗಿತ್ತು, ಚಿತ್ರವೂ ಬಡವಾಗಿತ್ತು: ಇಬ್ಬರು ಸೈನಿಕರು, ನಡುವೆ ಧ್ವಜ, ಲಕ್ಷಗಟ್ಟಲೆ. ಅವುಗಳ ನಡುವೆ ಒಂದು ಮಾತ್ರ ಕಣ್ಣು ಹಿಡಿಯುತ್ತದೆ. ಕ್ರಿ.ಶ. 330ರ ಸುಮಾರಿನದು, ತೋಳವೊಂದು ತಲೆ ಹೊರಳಿಸಿ ರೋಮ್ ಹುಟ್ಟಿದ ಕಥೆಯ ಅವಳಿ ಮಕ್ಕಳಿಗೆ ಹಾಲೂಡುತ್ತಿದೆ, ಮೇಲೆ ಎರಡು ನಕ್ಷತ್ರ. ರಾಜಧಾನಿ ಪೂರ್ವಕ್ಕೆ ಹೊರಟ ಹೊತ್ತಿನಲ್ಲಿ ಹಳೆಯ ರೋಮಿಗೆ ಹಾಕಿಕೊಟ್ಟ ಚಿತ್ರ. ಇಂಥ ನಾಲ್ಕು, ಐದನೇ ಶತಮಾನದ ಪುಟಾಣಿ ಕಂಚಿನ ಕಾಸುಗಳು ತಮಿಳುನಾಡಿನಲ್ಲೂ ಶ್ರೀಲಂಕೆಯಲ್ಲೂ ಸಾವಿರಗಟ್ಟಲೆ ಸಿಕ್ಕಿವೆ. ಲಂಕೆಯಲ್ಲಿ ಅವುಗಳ ನಕಲನ್ನೂ ಹೊಯ್ದರು. ಚಿನ್ನ ಬಂದ ದಾರಿಯಲ್ಲಿ ಕೊನೆಗೆ ಚಿಲ್ಲರೆಯೂ ಬಂತು, ಇಲ್ಲಿನ ಸಂತೆಯಲ್ಲಿ ಚಲಾವಣೆಯಾಯಿತು.

ಕೊನೆಗೆ ಒಂದು ಕಳಕಳಿಯ ಮಾತು. ಇಂಥ ಹಳೆಯ ಕಾಸು, ರೋಮಿನದಿರಲಿ ನಮ್ಮದೇ ಇರಲಿ, ಕೈಗೆ ಸಿಕ್ಕರೆ ದಯವಿಟ್ಟು ತೊಳೆಯಬೇಡಿ. ತಾಮ್ರ ಕಂಡ ಕೂಡಲೇ ಹುಣಸೆಹಣ್ಣು ಹಚ್ಚಿ ಉಜ್ಜುವುದು ನಮಗೆ ಮೈಗೂಡಿದ ಅಭ್ಯಾಸ. ಪರಿಚಯದವರ ಮನೆಯಲ್ಲಿ ಹಾಗೆ ತೊಳೆದ ಒಂದು ಕಂಚಿನ ಕಾಸನ್ನು ನೋಡಿದೆ. ಹಬ್ಬದ ಕಲಶದ ಹಾಗೆ ಥಳಥಳ ಹೊಳೆಯುತ್ತಿತ್ತು. ಎರಡೂ ಬದಿ ಬೋಳು. ಲೋಹ ಒಳಗೊಳಗೇ ಸವೆದು ಕಿಲುಬಾಗಿತ್ತು, ಮೂಗು, ಕಿವಿ, ಅಕ್ಷರ ಎಲ್ಲ ಆ ಹಸಿರು ಪದರದಲ್ಲೇ ನಿಂತಿದ್ದವು, ಹುಣಸೆಯ ಹುಳಿಯ ಜೊತೆ ಬಚ್ಚಲಿಗೆ ಹರಿದುಹೋಗಿದ್ದವು.